ಮಾರಿದ ಮೇಲೂ ಮುಗಿಯದ ವಾದ್ಯ

ಮೃದಂಗದ ಕರಣೆ ಸವೆದರೆ ವಾದಕರು ಏನು ಮಾಡುತ್ತಾರೆ? ಮುಚ್ಚಿಗೆ ಕಟ್ಟುವವರ ಬಳಿಗೆ ಹೋಗುತ್ತಾರೆ. ಎದುರಿಗೇ ಕುಳಿತು ನುಡಿಸಿ ತೋರಿಸುತ್ತಾರೆ. ನಾದ ಎಲ್ಲಿ ಮೊಂಡಾಗಿದೆ, ಎಲ್ಲಿ ಒಡೆಯುತ್ತಿದೆ ಎಂದು ಹೇಳುತ್ತಾರೆ. ಕೆಲಸಗಾರ ಕೇಳಿಸಿಕೊಂಡು, ಕರಣೆಯನ್ನು ಪದರ ಪದರವಾಗಿ ಮತ್ತೆ ಹಾಕಿ, ಉಜ್ಜಿ, ಇನ್ನೊಮ್ಮೆ ನುಡಿಸಲು ಕೊಡುತ್ತಾನೆ. ವೀಣೆಯ ಮೇಣ ಹಳತಾಗಿ ಮೆಟ್ಟುಗಳು ಜರುಗಿದಾಗಲೂ ಹೀಗೆಯೇ. ವಾದ್ಯ ಕೊಂಡ ದಿನಕ್ಕೆ ಅದನ್ನು ಮಾಡಿದವನ ಸಂಬಂಧ ಮುಗಿಯುವುದಿಲ್ಲ. ವಾದಕನ ಕಿವಿ ಮತ್ತು ಕುಶಲಕರ್ಮಿಯ ಕೈ ವರ್ಷಗಟ್ಟಲೆ ಮಾತನಾಡಿಕೊಳ್ಳುತ್ತಲೇ ಇರುತ್ತವೆ.

ವಿದ್ಯಾರ್ಥಿ ಮಿತ್ರರೇ, ಈಗ ಎಲೆಕ್ಟ್ರಾನಿಕ್ ವಾದ್ಯವೊಂದನ್ನು ತೆಗೆದುಕೊಳ್ಳಿ. ಅದರಲ್ಲಿ ದೋಷ ಕಾಣಿಸಿತು ಎನ್ನೋಣ. ಆ ದೋಷ ಮರದಲ್ಲಿಲ್ಲ, ಚರ್ಮದಲ್ಲಿಲ್ಲ, ತಂತಿಯಲ್ಲೂ ಇಲ್ಲ. ಒಳಗಿನ ಚಿಪ್ಪಿನಲ್ಲಿ ಬರೆದಿಟ್ಟ ಆಜ್ಞೆಗಳ ಸಾಲಿನಲ್ಲಿ, ಎಂದರೆ ತಂತ್ರಾಂಶದಲ್ಲಿ, ಅದು ಅಡಗಿದೆ. ಬರೆದವರು ಜಪಾನಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ವಾದಕನ ಮಾತು ಅವರಿಗೆ ತಲುಪುವುದು ಹೇಗೆ? ಅವರು ಮಾಡಿದ ತಿದ್ದುಪಡಿ ವಾದಕನ ಕೈ ಸೇರುವುದು ಹೇಗೆ? ಅವರೇ ಅಂಗಡಿ ಮುಚ್ಚಿದರೆ ವಾದ್ಯದ ಗತಿಯೇನು? ಈ ಮೂರು ಪ್ರಶ್ನೆಗಳಿಗೆ ನಾಲ್ಕೂವರೆ ದಶಕಗಳ ಇತಿಹಾಸವಿದೆ. ಅದನ್ನು ಇಲ್ಲಿ ನೋಡೋಣ.

ವಾದ್ಯದೊಳಕ್ಕೆ ಬಂದ ಗಣಕ

1970ರ ದಶಕದ ಸಿಂಥಸೈಜರುಗಳಲ್ಲಿ ಬಹುಪಾಲು ಸಾಲುಸಾಲು ಗುಂಡಿಗಳಿದ್ದ ಪೆಟ್ಟಿಗೆಗಳು. ಒಳ್ಳೆಯ ನಾದವೊಂದು ಸಿಕ್ಕಿತೆಂದರೆ ಗುಂಡಿಗಳು ಎಲ್ಲೆಲ್ಲಿ ನಿಂತಿವೆಯೆಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಬೇಕು. ಮರುದಿನ ಅದೇ ನಾದ ಬೇಕಿದ್ದರೆ ಎಲ್ಲವನ್ನೂ ಕೈಯಿಂದಲೇ ಮತ್ತೆ ತಿರುಗಿಸಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಎಂಬ ಸಣ್ಣ ಸಂಸ್ಥೆ ನಡೆಸುತ್ತಿದ್ದ ಡೇವ್ ಸ್ಮಿತ್ ಎಂಬ ಎಂಜಿನಿಯರ್ ಇದಕ್ಕೊಂದು ಪರಿಹಾರ ಕಂಡುಕೊಂಡರು. 1978ರಲ್ಲಿ ಹೊರಬಂದ ಅವರ ಪ್ರಾಫೆಟ್-5 ವಾದ್ಯದೊಳಗೆ ಒಂದು ಮೈಕ್ರೋಪ್ರೊಸೆಸರ್ ಕುಳಿತಿತ್ತು. ಗುಂಡಿಗಳ ಸ್ಥಾನವನ್ನು ಅದು ಓದಿ, ಅಂಕಿಗಳಾಗಿ ಮಾರ್ಪಡಿಸಿ, ನೆನಪಿಟ್ಟುಕೊಳ್ಳುತ್ತಿತ್ತು. 40 ನಾದಗಳನ್ನು ಹೀಗೆ ಉಳಿಸಿಡಬಹುದಿತ್ತು. ಒಂದು ಗುಂಡಿ ಒತ್ತಿದರೆ ನಿನ್ನೆಯ ನಾದ ಇಂದು ಸಿದ್ಧ.

ಆದರೆ ವಾದ್ಯದೊಳಕ್ಕೆ ಗಣಕ ಬಂದ ಕೂಡಲೇ ಗಣಕದ ಗುಣದೋಷಗಳೂ ಬಂದವು. ಮುಚ್ಚಿಗೆ ಕಟ್ಟುವಾತನಿಗೆ ಒಂದೊಂದು ಮೃದಂಗವೂ ಬೇರೆ. ಚಿಪ್ಪಿನಲ್ಲಿ ಬರೆದ ತಂತ್ರಾಂಶದಲ್ಲಿ ಒಂದು ತಪ್ಪಿದ್ದರೆ ಮಾರಾಟವಾದ ಪ್ರತಿಯೊಂದು ವಾದ್ಯದಲ್ಲೂ ಅದೇ ತಪ್ಪು ಇರುತ್ತದೆ. ಒಳ್ಳೆಯ ಸುದ್ದಿಯೆಂದರೆ, ಒಂದು ಕಡೆ ತಿದ್ದಿದರೆ ಎಲ್ಲಕ್ಕೂ ಅದೇ ಮದ್ದು. ಕೆಟ್ಟ ಸುದ್ದಿಯೆಂದರೆ, ಆ ಮದ್ದನ್ನು ಊರೂರಿಗೆ ತಲುಪಿಸಬೇಕು.

ಕಿಟಕಿಯಿದ್ದ ಚಿಪ್ಪು

ಆ ಕಾಲದಲ್ಲಿ ತಲುಪಿಸುವ ದಾರಿ ಅಂಚೆ! ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್ 1971ರಲ್ಲಿ ಇ-ಪ್ರಾಮ್ ಎಂಬ ಚಿಪ್ಪನ್ನು ರೂಪಿಸಿದ್ದರು. ಅದರ ಬೆನ್ನಿನ ಮೇಲೆ ಸ್ಫಟಿಕದ ಪುಟ್ಟ ಕಿಟಕಿ. ಆ ಕಿಟಕಿಯ ಮೂಲಕ ಅತಿನೇರಳೆ ಕಿರಣಗಳನ್ನು ಸುಮಾರು 20 ನಿಮಿಷ ಹಾಯಿಸಿದರೆ ಒಳಗಿನ ಬರಹವೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಹೊಸದನ್ನು ಬರೆಯಬಹುದು. ಬೆಳಕು ತಾಗಿ ತಾನಾಗಿ ಅಳಿಯದಿರಲೆಂದು ಕಿಟಕಿಗೆ ಕಾಗದದ ಚೀಟಿ ಅಂಟಿಸುತ್ತಿದ್ದರು. ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನೂ ಆ ಚೀಟಿಯ ಮೇಲೆಯೇ ಬರೆಯುತ್ತಿದ್ದರು.

ಆದ್ದರಿಂದ 1980ರ ದಶಕದಲ್ಲಿ ವಾದ್ಯದ ತಂತ್ರಾಂಶ ನವೀಕರಣವೆಂದರೆ ಹೀಗಿತ್ತು: ವಾದಕ ಪತ್ರ ಬರೆಯಬೇಕು, ಇಲ್ಲವೇ ಅಂಗಡಿಯವನಿಗೆ ಹೇಳಬೇಕು. ತಯಾರಕರು ದೋಷ ಹುಡುಕಿ, ಹೊಸ ಚಿಪ್ಪು ಬರೆದು ಕಳಿಸಬೇಕು. ಯಾರಾದರೂ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಹಳೆಯ ಚಿಪ್ಪನ್ನು ಕಾಲು ಮುರಿಯದಂತೆ ಎಬ್ಬಿಸಿ, ಹೊಸದನ್ನು ಕೂರಿಸಬೇಕು. ಪ್ರತಿ ತಿದ್ದುಪಡಿಗೂ ಹಣ ಖರ್ಚು, ಕಾಲ ಖರ್ಚು. ಈ ಖರ್ಚಿನಿಂದ ಒಂದು ಉಪಕಾರವೂ ಆಯಿತು. ಮೊದಲೇ ಸರಿಯಾಗಿ ಮಾಡದಿದ್ದರೆ ಆಮೇಲೆ ದುಬಾರಿ ಎಂಬ ಭಯ ತಯಾರಕರಿಗೆ ಇತ್ತು.

ಒಂದು ಎಚ್ಚರಿಕೆಯ ಕಥೆ

ಆ ಭಯ ಸುಳ್ಳಲ್ಲ ಎಂಬುದಕ್ಕೆ ರೋಜರ್ ಲಿನ್ ಅವರ ಕಥೆ ಸಾಕ್ಷಿ. 1980ರಲ್ಲಿ ಅವರು ಎಲ್‌ಎಂ-1 ಎಂಬ ತಾಳಯಂತ್ರವನ್ನು ತಂದರು. ನಿಜವಾದ ಡ್ರಮ್ಮುಗಳ ಧ್ವನಿಯನ್ನು ಮುದ್ರಿಸಿ, ಅಂಕಿಗಳಾಗಿಸಿ ಚಿಪ್ಪಿನಲ್ಲಿಟ್ಟ ಮೊದಲ ತಾಳಯಂತ್ರ ಅದು. 1982ರ ಲಿನ್‌ಡ್ರಮ್ ಇನ್ನೂ ಹೆಚ್ಚು ಮಾರಾಟವಾಯಿತು. ಆ ದಶಕದ ಪಾಶ್ಚಾತ್ಯ ಚಿತ್ರಗೀತೆಗಳಲ್ಲೂ ಪಾಪ್ ಹಾಡುಗಳಲ್ಲೂ ಇದರ ಸದ್ದು ತುಂಬಿಕೊಂಡಿತು.

1984ರಲ್ಲಿ ಬಂದದ್ದು ಲಿನ್ 9000. ತಾಳಯಂತ್ರ, ಅನೇಕ ವಾದ್ಯಗಳ ನುಡಿಸಾಟವನ್ನು ದಾಖಲಿಸುವ ಸೀಕ್ವೆನ್ಸರ್, ಬೆರಳಿನ ಒತ್ತಡಕ್ಕೆ ತಕ್ಕಂತೆ ಸದ್ದು ಮಾಡುವ ಮೆತ್ತನೆಯ ಹಲಗೆಗಳು ಎಲ್ಲ ಒಂದೇ ಪೆಟ್ಟಿಗೆಯಲ್ಲಿದ್ದವು. ಕಲ್ಪನೆ ಅದ್ಭುತ. ಆದರೆ ತಂತ್ರಾಂಶ ಪಕ್ವವಾಗುವ ಮೊದಲೇ ಯಂತ್ರ ಮಾರುಕಟ್ಟೆಗೆ ಇಳಿದಿತ್ತು. ಭರವಸೆ ಕೊಟ್ಟ ಕೆಲವು ಸೌಲಭ್ಯಗಳು ಇನ್ನೂ ಬರಬೇಕಿದ್ದವು. ಕೆಲಸದ ನಡುವೆ ಯಂತ್ರ ಸ್ತಬ್ಧವಾಗುವುದು ಅದರ ಕುಖ್ಯಾತಿಯಾಯಿತು. ಸಾವಿರಾರು ಡಾಲರ್ ತೆತ್ತ ಸಂಗೀತಗಾರ ಸ್ಟುಡಿಯೋದಲ್ಲಿ ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಡುತ್ತ ಕುಳಿತಿರುವಾಗ ಯಂತ್ರ ನಿಂತರೆ ಅವನಿಗೆ ಆಗುವ ನಷ್ಟವನ್ನು ನೀವೇ ಊಹಿಸಿ. ತಿದ್ದುಪಡಿಗಳು ಬಂದವು, ಆದರೆ ಹೆಸರು ಕೆಟ್ಟ ವೇಗಕ್ಕೆ ಅವು ಸಾಟಿಯಾಗಲಿಲ್ಲ. 1986ರಲ್ಲಿ ಲಿನ್ ಅವರ ಸಂಸ್ಥೆ ಬಾಗಿಲು ಮುಚ್ಚಿತು.

ಕಥೆ ಇಲ್ಲಿಗೆ ನಿಲ್ಲಲಿಲ್ಲ. ಫೋರಟ್ ಎಂಬ ಮತ್ತೊಂದು ಸಂಸ್ಥೆ ಉಳಿದ ಸರಕನ್ನು ಕೊಂಡು, ತಂತ್ರಾಂಶವನ್ನು ತಿದ್ದಿ, ಹಳೆಯ ಗ್ರಾಹಕರಿಗೆ ಆಸರೆಯಾಯಿತು. ಲಿನ್ ಜಪಾನಿನ ಅಕಾಯ್ ಸಂಸ್ಥೆಯೊಡನೆ ಕೂಡಿ 1988ರಲ್ಲಿ ಎಂಪಿಸಿ-60 ತಂದರು. 9000ದ ಮೂಲ ಕಲ್ಪನೆಯೇ ಅಲ್ಲಿ ಗಟ್ಟಿಯಾದ ರೂಪದಲ್ಲಿ ಮರಳಿತು. ಮುಂದೆ ಆ ಯಂತ್ರಕ್ಕೆ 3.10 ಎಂಬ ಸುಧಾರಿತ ತಂತ್ರಾಂಶವನ್ನು ಚಿಪ್ಪುಗಳ ರೂಪದಲ್ಲಿ ಲಿನ್ ಸ್ವತಃ ಮಾರಿದರು. ಕಲ್ಪನೆ ಸೋತಿರಲಿಲ್ಲ, ಅದನ್ನು ಪರೀಕ್ಷಿಸಲು ತಾಳ್ಮೆಯಿಂದ ಕಾದಿರಲಿಲ್ಲ, ಅಷ್ಟೆ.

ಮಿಡಿ: ಎಲ್ಲರೂ ಒಪ್ಪಿದ ಭಾಷೆ

‘ಮಿಡಿ’ ಎಂದರೆ ನಮಗೆ ತಂತಿ ಮಿಡಿಯುವುದು ನೆನಪಾಗುತ್ತದೆ. ಆದರೆ ಇದು ಬೇರೆಯದೇ ಮಿಡಿ. ಒಂದು ಸಂಸ್ಥೆಯ ವಾದ್ಯ ಇನ್ನೊಂದು ಸಂಸ್ಥೆಯ ವಾದ್ಯದೊಡನೆ ಮಾತನಾಡಲು ಇರುವ ನಿಯಮಾವಳಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಮೊದಲು ಒಬ್ಬೊಬ್ಬ ತಯಾರಕನದೂ ಒಂದೊಂದು ತಂತಿ, ಒಂದೊಂದು ಸಂಕೇತ. ಇದು ವಾದಕರ ದೊಡ್ಡ ದೂರಾಗಿತ್ತು. ರೋಲ್ಯಾಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ 1981ರಲ್ಲಿ ಪೈಪೋಟಿದಾರರ ಮುಂದೆ ಈ ವಿಷಯ ಎತ್ತಿದರು. ಡೇವ್ ಸ್ಮಿತ್ ಅದೇ ವರ್ಷ ಒಂದು ಕರಡು ಮಂಡಿಸಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ವ್ಯಾಪಾರಿಗಳ ಮೇಳದಲ್ಲಿ ಸ್ಮಿತ್ ಅವರ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜ್ಯೂಪಿಟರ್-6 ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ ತೋರಿಸಲಾಯಿತು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಅದೇ ವರ್ಷ ನಿಯಮಾವಳಿಯ 1.0 ಆವೃತ್ತಿ ಪ್ರಕಟವಾಯಿತು.

ಮಿಡಿಯ ನಿಯಮದಲ್ಲಿ ಒಂದು ಜಾಣತನದ ಕಿಂಡಿ ಇತ್ತು. ಆಯಾ ತಯಾರಕರು ತಮ್ಮ ವಾದ್ಯಕ್ಕೆ ಮಾತ್ರ ಅರ್ಥವಾಗುವ ಸಂದೇಶ ಕಳಿಸಲು ಅವಕಾಶ. ಸಂದೇಶದ ಮೊದಲಿಗೆ ಸಂಸ್ಥೆಯ ಗುರುತು ಸಂಖ್ಯೆ: ಸೀಕ್ವೆನ್ಷಿಯಲ್‌ಗೆ 1, ರೋಲ್ಯಾಂಡ್‌ಗೆ 65, ಕೋರ್ಗ್‌ಗೆ 66, ಯಮಾಹಾಗೆ 67. ಬೇರೆಯವರ ಸಂಖ್ಯೆ ಕಂಡರೆ ವಾದ್ಯ ಅದನ್ನು ಲೆಕ್ಕಿಸದೆ ಬಿಟ್ಟುಬಿಡುತ್ತದೆ. ಮುಂದೆ ಇದೇ ಕಿಂಡಿಯಿಂದ ಹೊಸ ತಂತ್ರಾಂಶವನ್ನೂ ವಾದ್ಯದೊಳಕ್ಕೆ ತುಂಬುವುದು ರೂಢಿಯಾಯಿತು.

ಎಷ್ಟು ಹೊತ್ತು ಬೇಕು? ಲೆಕ್ಕ ಹಾಕೋಣ. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್ ಕಳಿಸಲು ಆದಿ ಅಂತ್ಯದ ಗುರುತು ಸೇರಿ 10 ಬಿಟ್ ಬೇಕು. ಎಂದರೆ ಸೆಕೆಂಡಿಗೆ 3,125 ಬೈಟ್. ಈ ಸಂದೇಶಗಳಲ್ಲಿ ಪ್ರತಿ ಬೈಟಿನ 8 ಬಿಟ್‌ಗಳಲ್ಲಿ 7 ಮಾತ್ರ ಮಾಹಿತಿಗೆ ಸಿಗುತ್ತವೆ. ಆದ್ದರಿಂದ 65,536 ಬೈಟಿನ ತಂತ್ರಾಂಶಕ್ಕೆ ಸುಮಾರು 24 ಸೆಕೆಂಡು, ಅದರ ಹದಿನಾರರಷ್ಟಿದ್ದರೆ ಆರು ನಿಮಿಷಕ್ಕೂ ಹೆಚ್ಚು. ಆ ಹೊತ್ತಿನಲ್ಲಿ ವಿದ್ಯುತ್ ಹೋಗಬಾರದು.

ಯಮಾಹಾದ ಡಿಎಕ್ಸ್7 ಕೂಡ 1983ರದು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾದ ವಾದ್ಯ. ನಿಯಮಾವಳಿ ಇನ್ನೂ ಹಸಿಯಾಗಿದ್ದಾಗ ರೂಪುಗೊಂಡದ್ದರಿಂದ ಅದು 16 ಮಿಡಿ ವಾಹಿನಿಗಳಲ್ಲಿ ಮೊದಲನೆಯದರಲ್ಲಿ ಮಾತ್ರ ಸಂಕೇತ ಕಳಿಸುತ್ತಿತ್ತು. ಬಳಕೆದಾರರ ಅಸಮಾಧಾನವನ್ನು ಹೊರಗಿನವರು ಕೇಳಿಸಿಕೊಂಡರು. ಗ್ರೇ ಮ್ಯಾಟರ್ ರೆಸ್ಪಾನ್ಸ್ ಎಂಬ ಸಣ್ಣ ಸಂಸ್ಥೆ ಡಿಎಕ್ಸ್7ರ ಒಳಗೆ ಕೂರಿಸುವ ಒಂದು ಫಲಕವನ್ನು ಮಾರಿ, ಇಲ್ಲದ ಸೌಲಭ್ಯಗಳನ್ನು ಸೇರಿಸಿತು. ತಯಾರಕ ತಿದ್ದದಿದ್ದರೆ ಬೇರೊಬ್ಬ ತಿದ್ದುತ್ತಾನೆ ಎಂಬ ಪಾಠ ಅಂದೇ ಶುರುವಾಯಿತು.

ಮನೆಯಲ್ಲೇ ನವೀಕರಣ

ತೋಷಿಬಾದ ಫುಜಿಯೊ ಮಾಸುಓಕ 1984ರಲ್ಲಿ ಫ್ಲಾಶ್ ಎಂಬ ಹೊಸ ಬಗೆಯ ಸ್ಮೃತಿಕೋಶವನ್ನು ವಿಜ್ಞಾನಿಗಳ ಮುಂದಿಟ್ಟರು. ಇದಕ್ಕೆ ಕಿಟಕಿ ಬೇಡ, ಅತಿನೇರಳೆ ದೀಪ ಬೇಡ. ವಿದ್ಯುತ್ತಿನಿಂದಲೇ ಅಳಿಸಿ ವಿದ್ಯುತ್ತಿನಿಂದಲೇ ಬರೆಯಬಹುದು. ಇದು ವಾದ್ಯಗಳೊಳಕ್ಕೆ ಬಂದ ಮೇಲೆ ಮುಚ್ಚಳ ಬಿಚ್ಚುವ ಕೆಲಸ ತಪ್ಪಿತು.

ಕೆಲವು ಸಂಸ್ಥೆಗಳು ಚಮತ್ಕಾರದ ದಾರಿಗಳನ್ನು ಹುಡುಕಿದವು. ಕೋರ್ಗ್ ಸಂಸ್ಥೆಯ ವೋಲ್ಕಾ ಎಂಬ ಪುಟ್ಟ ವಾದ್ಯಗಳಿಗೆ ಹೊಸ ತಂತ್ರಾಂಶ ಬರುವುದು ಒಂದು ಧ್ವನಿ ಕಡತದ ರೂಪದಲ್ಲಿ. ಗಣಕದಲ್ಲಿ ಅದನ್ನು ನುಡಿಸಿ, ತಂತಿಯ ಮೂಲಕ ವಾದ್ಯಕ್ಕೆ ಕೇಳಿಸಿದರೆ, ಆ ಕಿರಿಚಾಟದಲ್ಲಿರುವ 0 ಮತ್ತು 1ಗಳನ್ನು ವಾದ್ಯ ಬಿಡಿಸಿಕೊಳ್ಳುತ್ತದೆ. 1980ರ ದಶಕದ ಮನೆ ಗಣಕಗಳು ಕ್ಯಾಸೆಟ್ಟಿನಿಂದ ಕಾರ್ಯಕ್ರಮ ಓದುತ್ತಿದ್ದದ್ದು ಇದೇ ತತ್ವದಿಂದ.

ದಾರಿ ಯಾವುದಾದರೂ ಎರಡು ರಕ್ಷಣೆಗಳು ಬೇಕು. ಮೊದಲನೆಯದು, ಚಿಪ್ಪಿನ ಒಂದು ಸಣ್ಣ ಭಾಗವನ್ನು ಎಂದೂ ಅಳಿಸದೆ ಕಾಯ್ದಿಡುವುದು. ನವೀಕರಣ ಅರ್ಧಕ್ಕೆ ನಿಂತರೂ ಈ ಭಾಗ ಎಚ್ಚೆತ್ತು ಮತ್ತೊಮ್ಮೆ ಪ್ರಯತ್ನಿಸಲು ಬಿಡುತ್ತದೆ. ಇಲ್ಲದಿದ್ದರೆ ವಾದ್ಯ ಇಟ್ಟಿಗೆಯಷ್ಟೇ ಉಪಯುಕ್ತ. ಎರಡನೆಯದು, ತಾಳೆ ನೋಡುವ ಅಂಕಿ. ರೋಲ್ಯಾಂಡಿನ ಸಂದೇಶಗಳಲ್ಲಿ ಬಳಸುವ ವಿಧಾನ ಸರಳ. 40, 50, 100 ಎಂಬ ಮೂರು ಅಂಕಿ ಕಳಿಸಬೇಕೆನ್ನೋಣ. ಮೊತ್ತ 190. 128ರಿಂದ ಭಾಗಿಸಿದರೆ ಶೇಷ 62. ಕೊನೆಗೆ 66 ಸೇರಿಸಿದರೆ ಮೊತ್ತ 256, ಶೇಷ ಸೊನ್ನೆ. ದಾರಿಯಲ್ಲಿ 50 ಕೆಟ್ಟು 51 ಆದರೆ ಶೇಷ ಸೊನ್ನೆ ಬರುವುದಿಲ್ಲ. ವಾದ್ಯ ಸಂದೇಶವನ್ನು ತಿರಸ್ಕರಿಸುತ್ತದೆ. ಆದರೆ 40 ಮತ್ತು 50 ಅದಲುಬದಲಾದರೆ? ಈ ವಿಧಾನ ಅದನ್ನು ಹಿಡಿಯಲಾರದು. ಅದನ್ನೂ ಹಿಡಿಯಬಲ್ಲ ಇನ್ನೂ ಬಿಗಿಯಾದ ಲೆಕ್ಕಗಳಿವೆ. ಆಸಕ್ತರು ಒಂದನ್ನು ತಾವೇ ರೂಪಿಸಲು ಪ್ರಯತ್ನಿಸಿ.

ಸುಲಭವಾದದ್ದರ ಇನ್ನೊಂದು ಮುಖವನ್ನೂ ಮರೆಯಬಾರದು. ತಿದ್ದುವುದು ಅಗ್ಗವಾದಾಗ, ‘ಈಗ ಮಾರೋಣ, ಆಮೇಲೆ ತಿದ್ದೋಣ’ ಎಂಬ ಆಸೆ ಹುಟ್ಟುತ್ತದೆ. ಲಿನ್ 9000ದ ಕಥೆಯನ್ನು ನೆನಪಿಟ್ಟವರಷ್ಟೇ ಈ ಆಸೆಯನ್ನು ಗೆಲ್ಲಬಲ್ಲರು.

ಕೇಳುವುದು ಒಂದು ಕಲೆ, ಹೇಳುವುದೂ

‘ನನ್ನ ವಾದ್ಯ ಸರಿಯಿಲ್ಲ’ ಎಂಬ ದೂರಿನಿಂದ ಎಂಜಿನಿಯರಿಗೆ ಏನೂ ತಿಳಿಯುವುದಿಲ್ಲ. ವಿಜ್ಞಾನದ ಪ್ರಯೋಗಾಲಯದಲ್ಲಿ ನೀವು ಬರೆಯುವ ವರದಿಯನ್ನು ನೆನಪಿಸಿಕೊಳ್ಳಿ. ಯಾವ ಮಾದರಿ, ತಂತ್ರಾಂಶದ ಯಾವ ಆವೃತ್ತಿ, ಯಾವ ಕ್ರಮದಲ್ಲಿ ಏನೇನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಮತ್ತೆ ಮಾಡಿದರೆ ಮತ್ತೆ ಹಾಗೆಯೇ ಆಗುತ್ತದೆಯೇ, ಇಷ್ಟು ಹೇಳಿದರೆ ದೋಷದ ಅರ್ಧ ಪತ್ತೆಯಾದಂತೆ. ಎಂಜಿನಿಯರ್ ತನ್ನ ಮೇಜಿನ ಮೇಲೆ ಆ ದೋಷವನ್ನು ಮರುಕಳಿಸಬೇಕು. ಮರುಕಳಿಸದ ದೋಷವನ್ನು ತಿದ್ದಿದೆನೆಂದು ಹೇಳುವಂತಿಲ್ಲ.

ಬಂದ ಮಾತುಗಳನ್ನು ಎರಡು ರಾಶಿ ಮಾಡಬೇಕಾಗುತ್ತದೆ: ದೋಷಗಳು ಒಂದು ಕಡೆ, ಬಯಕೆಗಳು ಇನ್ನೊಂದು ಕಡೆ. ದೋಷವನ್ನು ತಿದ್ದುವುದು ಕರ್ತವ್ಯ. ಬಯಕೆಯ ವಿಷಯ ಹಾಗಲ್ಲ. ಒಬ್ಬನಿಗೆ ಬೇಕಾದದ್ದು ಇನ್ನೊಬ್ಬನಿಗೆ ತೊಡಕು. ಸ್ಟುಡಿಯೋಗಳಲ್ಲಿ ಒಂದು ಅಲಿಖಿತ ನಿಯಮವಿದೆ: ಧ್ವನಿಮುದ್ರಣ ಅರ್ಧ ನಡೆದಿರುವಾಗ ಯಾವ ಯಂತ್ರದ ತಂತ್ರಾಂಶವನ್ನೂ ಮುಟ್ಟಬೇಡಿ. ಹೊಸ ಆವೃತ್ತಿ ಎಷ್ಟೇ ಉತ್ತಮವಾಗಿರಲಿ, ನಿನ್ನೆಯ ಹಾಡು ಇಂದು ಬೇರೆಯಾಗಿ ಕೇಳಿಸಿದರೆ ಅದು ವಾದಕನ ದೃಷ್ಟಿಯಲ್ಲಿ ಕೇಡೇ. ವಾದ್ಯವೆಂದರೆ ಕೈಗೆ ರೂಢಿಯಾದ ವಸ್ತು. ರಾತ್ರೋರಾತ್ರಿ ವೀಣೆಯ ಮೆಟ್ಟುಗಳನ್ನು ‘ಸುಧಾರಿಸಿದರೆ’ ಯಾವ ವೈಣಿಕರು ಒಪ್ಪಿಯಾರು?

ಪ್ರಾಫೆಟ್-5ರ ಕಥೆಯೇ ಇದಕ್ಕೆ ನಿದರ್ಶನ. ಮೊದಲ ಮಾದರಿಯ ವಾದ್ಯಗಳು ಇನ್ನೂರಕ್ಕೂ ಕಡಿಮೆ ತಯಾರಾದವು, ಆಗಾಗ ಕೆಡುತ್ತಿದ್ದವು. ಮೂರನೆಯ ಮಾದರಿಯಲ್ಲಿ ನಾದ ಹುಟ್ಟಿಸುವ ಚಿಪ್ಪುಗಳನ್ನೇ ಬದಲಿಸಿ ಗಟ್ಟಿ ಮಾಡಲಾಯಿತು. ಆದರೆ ಹಳೆಯ ಅಸ್ಥಿರ ವಾದ್ಯದ ನಾದವೇ ಚೆನ್ನ ಎಂದು ವಾದಿಸುವವರು ದಶಕಗಳ ಕಾಲ ಉಳಿದುಕೊಂಡರು. 2020ರಲ್ಲಿ ಡೇವ್ ಸ್ಮಿತ್ ನಾಲ್ಕನೆಯ ಮಾದರಿ ತಂದಾಗ ಅದರಲ್ಲಿ ಎರಡೂ ಬಗೆಯ ಶೋಧಕಗಳನ್ನಿಟ್ಟು, ಆಯ್ಕೆಗೊಂದು ಸ್ವಿಚ್ ಕೊಟ್ಟರು. ಹಳೆಯ ವಾದ್ಯದ ಅಲುಗಾಟವನ್ನು ಬೇಕಾದಷ್ಟು ಬೆರೆಸಲು ಒಂದು ಗುಂಡಿಯನ್ನೂ ಇಟ್ಟರು. ದೂರು ಯಾವುದು, ಪ್ರೀತಿ ಯಾವುದು ಎಂದು ಬೇರ್ಪಡಿಸಿ ಕೇಳಿಸಿಕೊಳ್ಳಲು ನಲವತ್ತು ವರ್ಷ ಬೇಕಾಯಿತು.

ತಯಾರಕರು ಇಲ್ಲವಾದಾಗ

ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ 1987ರಲ್ಲಿ ನಷ್ಟದಿಂದ ಮುಚ್ಚಿ ಯಮಾಹಾದ ಪಾಲಾಯಿತು. ಮಿಡಿಯ ಚೊಚ್ಚಲ ಕೂಸಾದ ಪ್ರಾಫೆಟ್-600 ಅನಾಥವಾಯಿತು. ಅದರ ಮೈಕ್ರೋಪ್ರೊಸೆಸರಿಗೆ ಕೆಲಸ ಹೆಚ್ಚು, ವೇಗ ಕಡಿಮೆ. ಸ್ವರ ಏಳುವ, ಇಳಿಯುವ ಗತಿಯನ್ನೂ ಅದೇ ಲೆಕ್ಕ ಹಾಕಬೇಕಿದ್ದುದರಿಂದ ನಾದ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತಿತ್ತು. ಸುಮಾರು ಮೂವತ್ತು ವರ್ಷಗಳ ನಂತರ, ಗ್ಲಿಗ್ಲಿ ಎಂಬ ಕಾವ್ಯನಾಮದ ಹವ್ಯಾಸಿಯೊಬ್ಬರು ಹಳೆಯ ಪ್ರೊಸೆಸರ್ ತೆಗೆದು, ಆ ಜಾಗದಲ್ಲಿ ಬೆರಳುದ್ದದ ಆಧುನಿಕ ಫಲಕ ಕೂರಿಸಿ, ಹೊಸ ತಂತ್ರಾಂಶ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಮುದಿ ವಾದ್ಯ ತನ್ನ ಯೌವನದಲ್ಲೂ ಇಲ್ಲದ ಚುರುಕನ್ನು ಪಡೆಯಿತು.

ಇನ್ನು ಕೆಲವು ತಯಾರಕರು ಇಂಥ ದಿನವನ್ನು ಮೊದಲೇ ಯೋಚಿಸುತ್ತಾರೆ. ಪ್ಯಾರಿಸ್ಸಿನ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಎಮಿಲಿ ಜಿಲೆ ತಮ್ಮ ವಾದ್ಯಗಳ ವಿದ್ಯುನ್ಮಂಡಲದ ನಕ್ಷೆಯನ್ನೂ ತಂತ್ರಾಂಶವನ್ನೂ ಬಹಿರಂಗವಾಗಿ ಪ್ರಕಟಿಸಿದರು. ಅವರ ‘ಕ್ಲೌಡ್ಸ್’ ಎಂಬ ಉಪಕರಣಕ್ಕೆ ಬೇರೆಯವರು ಪರ್ಯಾಯ ತಂತ್ರಾಂಶ ಬರೆದರು. 2022ರಲ್ಲಿ ಸಂಸ್ಥೆ ಕೆಲಸ ನಿಲ್ಲಿಸಿದರೂ ವಾದ್ಯಗಳನ್ನು ದುರಸ್ತಿ ಮಾಡುವ ವಿದ್ಯೆ ಅದರೊಡನೆ ಹೋಗಲಿಲ್ಲ.

ಸೀಕ್ವೆನ್ಷಿಯಲ್ ಎಂಬ ಹೆಸರನ್ನು ಯಮಾಹಾ 2015ರಲ್ಲಿ ಡೇವ್ ಸ್ಮಿತ್ ಅವರಿಗೆ ಮರಳಿ ಕೊಟ್ಟಿತು. ಹಾಗೆ ಕೊಡುವುದು ಯೋಗ್ಯವೆಂದು ಹೇಳಿದವರು ಇಬ್ಬರಿಗೂ ಪೈಪೋಟಿಯಾಗಿದ್ದ ಕಾಕೆಹಾಶಿ. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. ಅವರು ರೂಪಿಸಿದ ಮಿಡಿ ನಿಯಮಾವಳಿಗೆ 2.0 ಆವೃತ್ತಿ ಬಂದದ್ದು 2020ರಲ್ಲಿ, 37 ವರ್ಷಗಳ ನಂತರ. ಅದೂ ಹಳೆಯದನ್ನು ರದ್ದು ಮಾಡದೆ. 1983ರ ವಾದ್ಯವನ್ನು ಇಂದಿನ ಗಣಕಕ್ಕೆ ಜೋಡಿಸಿದರೆ ಈಗಲೂ ನುಡಿಯುತ್ತದೆ.

ನಮ್ಮ ಊರಿನ ಪೆಟ್ಟಿಗೆ

ಬೆಂಗಳೂರಿಗೂ ಈ ಇತಿಹಾಸದಲ್ಲಿ ಒಂದು ಪಾಲಿದೆ. 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದ ರೇಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ಎಂದರೆ ತಯಾರಕ ಮತ್ತು ಬಳಕೆದಾರ ಇಬ್ಬರೂ ಒಬ್ಬರೇ. ದೂರು ಹೇಳುವ ಕಿವಿಯೂ ತಿದ್ದುವ ಕೈಯೂ ಒಂದೇ ಮೈಯಲ್ಲಿದ್ದರೆ ಪತ್ರ ಬರೆಯುವ ಅಗತ್ಯವಿಲ್ಲ. ಆದರೆ ಎಲ್ಲ ಸಂಸ್ಥೆಗಳಿಗೂ ಅಂಥ ಯೋಗವಿರುವುದಿಲ್ಲ. ಇಲ್ಲದವರು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು.

ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಒಂದು ಕೀಬೋರ್ಡು, ಒಂದು ಎಲೆಕ್ಟ್ರಾನಿಕ್ ತಂಬೂರಿ ಇರಬಹುದು. ಮುಂದಿನ ಬಾರಿ ಅದರ ಮುಂದೆ ಕುಳಿತಾಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದರ ತಂತ್ರಾಂಶದ ಆವೃತ್ತಿ ಯಾವುದು? ಅದನ್ನು ತಿದ್ದಲು ದಾರಿಯಿದೆಯೇ? ತಿದ್ದಿದ ಮೇಲೆ ಹಿಂದಿನದಕ್ಕೆ ಮರಳಬಹುದೇ? ಮಾಡಿದವರು ನಾಳೆ ಇಲ್ಲದಿದ್ದರೆ ಇದನ್ನು ಬಿಚ್ಚಿ ನೋಡಲು ಯಾರಿಗೆ ತಿಳಿದಿದೆ? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಅಡಿಗೆ ಅಂಟಿಸಿಡಿ. ಹತ್ತು ವರ್ಷದ ಮೇಲೆ ಅದನ್ನು ನುಡಿಸುವ ಇನ್ನೊಬ್ಬ ವಿದ್ಯಾರ್ಥಿಗೆ ಅದರಿಂದ ಉಪಕಾರವಾದೀತು.